ಜಗಳಕ್ಕೆ ಕರೆಯುತ್ತಿದ್ದ ದೊಡ್ಡಮ್ಮ

ನನ್ನ ದೊಡ್ಡಮ್ಮ ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ. ಅವಳ ದೃಷ್ಟಿ ಭುಜದಿಂದ ಭುಜಕ್ಕೆ ಹರಿದು, ಎದೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೊಂಟದ ಬಳಿ ಕ್ಷಣಕಾಲ ತಂಗಿ, ಆಮೇಲೆ ನಿಧಾನವಾಗಿ ಮುಖಕ್ಕೆ ಏರುತ್ತಿತ್ತು. ಕೋಟು ಹೊಲಿಯುವುದು ಅವಳ ಕಸುಬು. ಮದುವೆಮನೆಗೂ ಆಸ್ಪತ್ರೆಗೂ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬರುತ್ತಿದ್ದಳು. ಜೀವಮಾನವಿಡೀ ಮೇಜಿನ ಮೇಲೆ ಬಾಗಿ ಬಾಗಿ ಬಲಭುಜ ತುಸು ತಗ್ಗಿದ್ದರಿಂದ, ನಡೆಯುವಾಗ ಎದುರುಗಾಳಿಯನ್ನು ತಳ್ಳಿಕೊಂಡು ಹೋಗುವವಳಂತೆ ಕಾಣುತ್ತಿದ್ದಳು. ಹಳೆಯ ಗಿರಾಕಿಗಳು ಬಂದು "ನನ್ನ ಅಳತೆ ನಿಮ್ಮ ಹತ್ರಾನೇ ಇದೆಯಲ್ಲಮ್ಮ" ಎಂದರೆ ಒಪ್ಪುತ್ತಿರಲಿಲ್ಲ. "ಅದು ಹೋದ ವರ್ಷದ ಮೈಯದು. ಕೈ ಎತ್ತಿ ನಿಲ್ಲಿ."

ಇದೇ ಹಟವನ್ನು ಅವಳು ತನ್ನ ಉಯಿಲಿಗೂ ಅನ್ವಯಿಸಿದ್ದಳು. ಉಯಿಲಿನ ಮಾತು ಬಂದರೆ ನಮ್ಮಲ್ಲಿ ಹೆಚ್ಚಿನವರು ದನಿ ತಗ್ಗಿಸುತ್ತಾರೆ. ಹೆಸರೆತ್ತಿದರೆ ಸಾವು ಹೊಸ್ತಿಲು ದಾಟಿ ಒಳಬಂದೀತೆಂಬ ಭಯ. ದೊಡ್ಡಮ್ಮನೋ, ಗಂಡ ತೀರಿಕೊಂಡಂದಿನಿಂದ, ಹೊಲಿಗೆ ಯಂತ್ರಗಳಿಗೆಲ್ಲ ಎಣ್ಣೆ ಬಿಡಲು ವರ್ಷಕ್ಕೊಮ್ಮೆ ಅಂಗಡಿ ಮುಚ್ಚುವ ದಿನ ನಮ್ಮನ್ನೆಲ್ಲ ಕರೆಸಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೇ ಊಟ ಬಡಿಸಿ, ಎಲ್ಲರೂ ಕೈ ತೊಳೆದ ಮೇಲೆ ಕನ್ನಡಕ ಏರಿಸಿ, ಉಯಿಲನ್ನು ಆದ್ಯಂತವಾಗಿ ಗಟ್ಟಿ ದನಿಯಲ್ಲಿ ಓದುತ್ತಿದ್ದಳು. ಆ ವರ್ಷ ಯಾರು ಹುಟ್ಟಿದರು, ಯಾರು ಹೋದರು, ಯಾರ ಮದುವೆ ಮುರಿಯಿತು, ಯಾವ ಸಾಕ್ಷಿಗೆ ಮರೆವು ಬಂತು ಎಂದೆಲ್ಲ ವಿಚಾರಿಸಿ, ತಿದ್ದಬೇಕಾದದ್ದಿದ್ದರೆ ಮರುವಾರವೇ ವಕೀಲರ ಬಳಿ ಹೋಗಿ, ಹಳೆಯದನ್ನು ರದ್ದುಪಡಿಸಿ ಹೊಸದನ್ನು ನೋಂದಾಯಿಸುತ್ತಿದ್ದಳು. ಸಾಕ್ಷಿಗಳು ತನಗಿಂತ ಚಿಕ್ಕವರಾಗಿರಬೇಕು, ಉಯಿಲಿನಿಂದ ಅವರಿಗೆ ಬಿಡಿಗಾಸಿನ ಲಾಭವೂ ಇರಬಾರದು ಎಂಬುದು ಅವಳ ಕಟ್ಟುನಿಟ್ಟು. ಓದು ಮುಗಿಸಿ ನಮ್ಮತ್ತ ತಿರುಗುವಳು.

"ಹ್ಞೂಂ, ಯಾರಿಗೆ ಹೊಟ್ಟೆ ಉರೀತಿದೆ ಈಗಲೇ ಹೇಳಿ. ನಾನು ಹೋದ್ಮೇಲೆ ಬಾಯಿ ಬಡ್ಕೊಂಡ್ರೆ ಉತ್ತರ ಕೊಡೋಕೆ ನಾನಿರಲ್ಲ."

ಒಂದು ವರ್ಷ ನಿಜಕ್ಕೂ ಉರಿಯಿತು. ಮಕ್ಕಳಿಲ್ಲದ ದೊಡ್ಡಮ್ಮ ಮನೆಯನ್ನು ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ, ಒಡವೆಗಳನ್ನು ನಮಗೆ ಬರೆದು, ಅಂಗಡಿಯನ್ನು ಮಾತ್ರ ಯಾವ ನೆಂಟಸ್ತಿಕೆಯೂ ಇಲ್ಲದ ಕತ್ತರಿಯಕ್ಕನಿಗೆ ಬರೆದಿದ್ದಳು. ಕತ್ತರಿಯಕ್ಕ ಹರೆಯದಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿ, ಆ ಮೇಜಿನ ಮುಂದೆಯೇ ತಲೆ ನರೆಸಿಕೊಂಡವಳು. ಅಂಗಡಿ ಕೈತಪ್ಪಿದರೆ ಅವಳಿಗೆ ಅನ್ನಕ್ಕೆ ಬೇರೆ ದಾರಿಯಿರಲಿಲ್ಲ. ತನ್ನ ಹೆಸರು ಕಿವಿಗೆ ಬಿದ್ದದ್ದೇ ತಟ್ಟೆ ತೊಳೆಯುವ ನೆಪ ಮಾಡಿ ಒಳಗೆ ಸರಿದಳು. ಮಾವ ಕೆಂಡಾಮಂಡಲವಾದರು.

"ರಕ್ತಸಂಬಂಧ ನಿನಗೆ ಕಸಕ್ಕಿಂತ ಕಡೆಯಾಯ್ತೇನಕ್ಕಾ?"

"ಒಂದು ಗುಂಡಿ ಹೊಲಿಯೋಕೆ ಬರುತ್ತೇನೋ ನಿನಗೆ?"

"ಕಲಿತೀನಿ!"

"ನೀನು ಕಲಿಯೋವರೆಗೂ ಗಿರಾಕಿಗಳು ಬರೀ ಮೈಯಲ್ಲಿ ಓಡಾಡ್ಬೇಕಾ?"

ನಾವು ನಕ್ಕುಬಿಟ್ಟೆವು, ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಸಂಜೆಯವರೆಗೂ ವಾದ ನಡೆಯಿತು. ಮಾವ ಎತ್ತಿದ ಒಂದೊಂದು ಆಕ್ಷೇಪಕ್ಕೂ ಅವಳು ಎದ್ದು ಹೋಗದೆ, ಕಣ್ಣೀರು ಹಾಕದೆ, ಕುಳಿತಲ್ಲೇ ಸಮಾಧಾನ ಹೇಳಿದಳು. ಕೊನೆಗೆ ಧಡಧಡನೆ ಮೆಟ್ಟಿಲಿಳಿದು ಹೋದ ಮಾವ ವರ್ಷವಿಡೀ ಅತ್ತ ತಲೆಹಾಕಲಿಲ್ಲ. ಮರುವರ್ಷ ಮುಖ ಊದಿಸಿಕೊಂಡು ಬಂದರು, ಊಟ ಮಾಡಿದರು. ಆ ದಿನ ದೊಡ್ಡಮ್ಮ ಓದಿದ ಉಯಿಲಿನಲ್ಲಿ ಹೊಸ ಸಾಲೊಂದಿತ್ತು: ತನ್ನ ಕಾಲಾನಂತರ ಇದನ್ನು ಜಾರಿಗೆ ತರುವ ಹೊಣೆ ಈ ತಮ್ಮನದೇ. "ಇದರ ಒಂದೊಂದು ಅಕ್ಷರದ ಜೊತೆಗೂ ಗುದ್ದಾಡಿದೋನು ನೀನೊಬ್ಬನೇ ಕಣೋ," ಎಂದಳು ದೊಡ್ಡಮ್ಮ.

ಅವಳು ತೀರಿಕೊಂಡ ಕೆಲವೇ ವಾರಗಳಲ್ಲಿ, ಅವಳ ಗಂಡನ ಅಣ್ಣನ ಮಗ ಅಂಗಡಿಗೆ ಬಂದು, ಹಿಂದೆಂದೋ ಗಂಡ ಬದುಕಿದ್ದಾಗ ದೊಡ್ಡಮ್ಮ ಅಂಗಡಿಯನ್ನು ಇವನ ಹೆಸರಿಗೆ ಬರೆದಿದ್ದ ಹಳೆಯ ಉಯಿಲನ್ನು ಮೇಜಿನ ಮೇಲೆ ಬಿಚ್ಚಿದ. "ಇದೇ ನಿಜವಾದದ್ದು. ಆಮೇಲಿಂದೆಲ್ಲ ಚಿಕ್ಕಮ್ಮನಿಗೆ ಅರಳುಮರಳು ಆದ್ಮೇಲೆ ಇವಳು ಬರೆಸ್ಕೊಂಡಿರೋದು," ಎಂದು ಕತ್ತರಿಯಕ್ಕನತ್ತ ಬೆರಳು ತೋರಿದ. ನಾವೆಲ್ಲ ಮಾವನ ಮುಖ ನೋಡಿದೆವು. ಹಳೆಯ ಸಿಟ್ಟಿಗೆ ಅವರು ಒಮ್ಮೆ ತಲೆಯಾಡಿಸಿದ್ದರೂ ಸಾಕಿತ್ತು, ಅಂಗಡಿ ವರ್ಷಗಟ್ಟಲೆ ಕೋರ್ಟಿನಲ್ಲಿ ಕೊಳೆಯುತ್ತಿತ್ತು.

"ಅರಳುಮರಳಾ?" ಮಾವ ಎದ್ದು ನಿಂತರು. "ಊಟ ಆದಾಗಿಂದ ಸಂಜೆವರೆಗೂ ವಾದ ಮಾಡಿ, ಒಂದೇ ಒಂದು ಮಾತಲ್ಲೂ ಗೆಲ್ಲದೆ ಮನೆಗೆ ಹೋದೋನಯ್ಯಾ ನಾನು! ನಮ್ಮಕ್ಕನ ತಲೆ ಎಷ್ಟು ನೆಟ್ಟಗಿತ್ತು ಅಂತ ಯಾವ ಕೋರ್ಟಿಗೆ ಬೇಕಾದ್ರೂ ಬಂದು ಹೇಳ್ತೀನಿ. ಒಡಹುಟ್ಟಿದ ನಾನು ಕೇಳಿದ್ರೇ ಕೊಡಲಿಲ್ಲ, ನಿನಗೆ ಕೊಟ್ಟಾಳಾ?"

ಇಂಥ ಸಾಕ್ಷಿಯ ಎದುರು ನಿಲ್ಲುವ ಧೈರ್ಯ ಯಾವ ವಕೀಲನಿಗಿದ್ದೀತು? ಬಂದವನು ಕಾಗದ ಮಡಿಸಿಕೊಂಡು ಹೋದ, ಮತ್ತೆ ಬರಲಿಲ್ಲ. ಮಾವ ಬೀಗದ ಕೈಗಳನ್ನು ಕತ್ತರಿಯಕ್ಕನ ಅಂಗೈಯಲ್ಲಿಟ್ಟರು. ಅವಳು ಗೊಳೋ ಎಂದು ಅತ್ತಳು. "ಅಳೋದು ಆಮೇಲೆ. ಹೊರಗೆ ಗಿರಾಕಿ ನಿಂತಿದಾರೆ, ನೋಡಮ್ಮ," ಎಂದು ಗದರಿದ ಮಾವನ ಕಣ್ಣೂ ಒದ್ದೆಯಾಗಿತ್ತು. ನನಗಂತೂ ಆ ಕ್ಷಣ ಬೀದಿಗಿಳಿದು ಕೂಗಿ ಹೇಳಬೇಕೆನಿಸಿತು, ನಮ್ಮ ದೊಡ್ಡಮ್ಮ ಗೆದ್ದಳು ಎಂದು.

ಒಳ್ಳೆಯವರೆನಿಸಿಕೊಳ್ಳುವ ಆಸೆಗೆ ಎಲ್ಲರ ಮಾತಿಗೂ ಹೂಂಗುಟ್ಟಿ ಹೋಗುವ ಹಿರಿಯರು ಬೇಕಾದಷ್ಟು ಮಂದಿ; ಅವರು ಕಣ್ಮುಚ್ಚಿದ ಮರುದಿನವೇ ಮನೆ ಒಡೆಯುತ್ತದೆ. ದೊಡ್ಡಮ್ಮನಂಥವರು ಬದುಕಿರುವಾಗಲೇ ನಿಷ್ಠುರ ಕಟ್ಟಿಕೊಂಡು, ನಮ್ಮ ಕೋಪವನ್ನೆಲ್ಲ ತಾವೇ ಉಂಡು ಮುಗಿಸಿ ಹೊರಡುತ್ತಾರೆ. ಅವರು ಹೋದ ಮೇಲೆ ಮಕ್ಕಳು ಮರಿಗಳಿಗೆ ಉಳಿಯುವ ಕೆಲಸ ಒಂದೇ: ಒಟ್ಟಿಗೆ ಕುಳಿತು, ಮನಸ್ಸು ಬಿಚ್ಚಿ ಅಳುವುದು.