ಪಕ್ಕದ ಸೀಟಿನ ಹಾಡು

ನನಗೆ ಮೂಗಿನ ತುದಿಯಲ್ಲೇ ಕೋಪ. ಕಾರಿನ ರೇಡಿಯೊ ರಿಪೇರಿಗೆ ತಂದವರು ಕಾಯಿಲೆ ಹೇಳುವುದು ಬಿಟ್ಟು ಮದ್ದು ಹೇಳತೊಡಗಿದರೆ ಮೈ ಉರಿಯುತ್ತದೆ. ಆದರೆ ಅವತ್ತು ಬಂದ ಮುದಿ ಟೈಲರ್ ಅಂಥವರಲ್ಲ. ಅಂಗಡಿ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದರು.

"ಮೇಸ್ತ್ರಿ, ನನ್ನ ಕಡೆ ಹಾಡೇ ಬರಲ್ಲ. ಪಕ್ಕದ ಸೀಟಿನ ಕಡೆ ಮಾತ್ರ ಬರುತ್ತೆ. ಜೋರು ಮಾಡಿದ್ರೆ ಸ್ವಲ್ಪ ಹೊತ್ತಿಗೆ ಅದೂ ನಿಂತುಹೋಗುತ್ತೆ."

"ಯಾವಾಗಿಂದ?"

"ಗೊತ್ತಿಲ್ಲ. ರೇಡಿಯೊ ನಮ್ಮನೆಯವಳದ್ದು. ಅವಳು ತೀರಿಕೊಂಡ್ಮೇಲೇ ನಾನು ಹಚ್ಚಿದ್ದು. ಖಾಲಿ ಕಾರಲ್ಲಿ ಮನೆಗೆ ಹೋಗೋಕೆ ಆಗ್ತಿಲ್ಲ. ಕಿವಿ ಹತ್ರ ಏನಾದ್ರೂ ಸದ್ದು ಬೇಕು."

ನನಗೂ ಗೊತ್ತಿರುವ ಕಷ್ಟ ಅದು. ಶಟರ್ ಎಳೆದ ಮೇಲೆ ನನ್ನ ಅಂಗಡಿಯಲ್ಲಿ ಮಾತಾಡುವುದು ಪರೀಕ್ಷೆಗೆಂದು ಹಚ್ಚಿಟ್ಟ ರೇಡಿಯೊಗಳು ಮಾತ್ರ. ಬೇಕೆಂದೇ ಒಂದನ್ನು ಆಫ್ ಮಾಡದೆ ಮಲಗುತ್ತೇನೆ.

ಸದ್ದು ಹೆಚ್ಚಿಸುವ, ಸೀಟಿನಡಿಯ ಆಂಪ್ಲಿಫಯರ್ ಮುಟ್ಟಿದರೆ ಕಾದ ಹೆಂಚು. ಜೋರು ಮಾಡಿ ಮಾಡಿ ಅದಕ್ಕೆ ಜ್ವರ ಬರಿಸಿದ್ದರು. ಸುಟ್ಟುಹೋಗುವ ಮೊದಲು ಅದು ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸರಿ, ಇವರ ಕಡೆ ಸದ್ದು ಯಾಕಿಲ್ಲ? ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ಸ್ಪೀಕರಿಗೆ ಪುಟ್ಟ ಬ್ಯಾಟರಿ ತಾಗಿಸಿದರೆ 'ಟಪ್' ಎಂದಿತು, ಜೀವ ಇದೆ. ವೈರು ಎಲ್ಲೂ ತುಂಡಾಗಿಲ್ಲ. ರೇಡಿಯೊದಿಂದ ಆಂಪ್ಲಿಫಯರಿಗೆ ಬರುವ ಎಡ, ಬಲದ ಎರಡು ವೈರುಗಳನ್ನು ಅದಲು ಬದಲು ಮಾಡಿದೆ. ಹಾಡು ಥಟ್ಟನೆ ಟೈಲರ್ ಕಡೆಗೆ ಬಂತು, ಪಕ್ಕದ ಕಡೆ ನಿಂತಿತು. ಅಂದರೆ ತಪ್ಪು ಆಂಪ್ಲಿಫಯರಿನದಲ್ಲ, ರೇಡಿಯೊದ್ದು.

"ರೇಡಿಯೊ ಹೋಗಿದೆ. ಬೇರೆ ಹಾಕ್ಬೇಕು."

"ಬೇಡ ಬೇಡ. ನಾಲ್ಕು ಅಂಗಡಿ ಸುತ್ತಿ ಅವಳೇ ಆರಿಸಿದ್ದು. ಇದನ್ನೇ ಹೇಗಾದ್ರೂ ಉಳಿಸಿಕೊಡಿ, ಕೈ ಮುಗೀತೀನಿ."

ಹಿರಿಯರು ಕೈ ಮುಗಿದರೆ ಇಲ್ಲವೆನ್ನಲು ನನಗಾಗದು. ಗೊಣಗುತ್ತಲೇ ಗುಂಡಿಗಳನ್ನು ಒತ್ತುತ್ತಾ ಹೋದೆ. ಸದ್ದನ್ನು ಆ ಕಡೆ ಈ ಕಡೆ ಹಂಚುವ ಬ್ಯಾಲೆನ್ಸ್ ಬಂತು. ಅದರ ಗೆರೆ ಪಕ್ಕದ ಸೀಟಿನ ಕಡೆ ತೀರಾ ಅಂಚಿಗೆ ಹೋಗಿ ಕೂತಿತ್ತು. ಮೊದಲು ನೋಡಬೇಕಾದದ್ದನ್ನೇ ಕೊನೆಗೆ ನೋಡಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

"ಯಾರ್ರೀ ಇದನ್ನ ಪೂರ್ತಿ ಆ ಕಡೆ ತಳ್ಳಿದ್ದು?" ನನ್ನ ನಾಚಿಕೆಗೆ ಅವರ ಮೇಲೆ ರೇಗಿದೆ.

"ನಾನು ಮುಟ್ಟೇ ಇಲ್ಲ..." ಎಂದವರು ಬಗ್ಗಿ ಆ ಗೆರೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಓಡಿಸ್ವಾಗ ಹಾಡು ಬೇಡ, ತಲೆನೋವು ಅಂತ ಗದರ್ತಿದ್ದೆ. ಆಮೇಲೊಂದಿನ ಸದ್ದು ಕಮ್ಮಿಯಾಯ್ತು. ಪರವಾಗಿಲ್ಲ, ನನ್ನ ಮಾತು ಕೇಳಿದ್ಲು ಅಂದ್ಕೊಂಡೆ. ಅವಳು ಹಾಡನ್ನ ತನ್ನ ಕಡೆ ಎಳ್ಕೊಂಡು ಒಬ್ಳೇ ಕೇಳ್ತಾ ಕೂತಿದ್ಲು."

ವೈರುಗಳನ್ನು ಮೊದಲಿನಂತೆ ಸಿಕ್ಕಿಸಿ, ಗೆರೆಯನ್ನು ನಡುವಿಗೆ ತರಲು ಬೆರಳಿಟ್ಟೆ.

"ಇನ್ಮೇಲೆ ಎರಡೂ ಕಡೆ ಬರುತ್ತೆ ಯಜಮಾನ್ರೇ."

ಅವರು ನನ್ನ ಕೈ ಹಿಡಿದರು. "ಬೇಡ, ಅವಳಿಟ್ಟ ಹಾಗೇ ಇರಲಿ. ಒಂದು ಸುತ್ತು ನೀವು ಓಡಿಸ್ತೀರಾ?"

ಇಳಿದು, ಕಾರನ್ನು ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತರು. ಅದು ಅವರಾಕೆಯ ಅಳತೆಗೆ ಮುಂದೆ ಸರಿದಿತ್ತು. ಇವರ ಮೊಣಕಾಲು ಎದುರಿನ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. "ಹಿಂದೆ ಸರಿಸ್ಲಾ?" ಎಂದೆ. ಜೀವಮಾನವಿಡೀ ಕಂಡವರ ಬಟ್ಟೆಯ ಅಳತೆ ಸರಿಮಾಡಿದ ಮನುಷ್ಯ ಬೇಡವೆಂದು ತಲೆಯಾಡಿಸಿದರು.

ಬೀದಿಯ ತಿರುವು ದಾಟಿದೆವು.

"ಸದ್ದು ಸಾಕಾ?"

"ಇಷ್ಟು ಜೋರಾಗಿ ಇಟ್ಕೊಳ್ತಿರ್ಲಿಲ್ಲ ಅವಳು," ಎಂದು ಕಡಿಮೆ ಮಾಡುತ್ತಾ ಹೋದರು. ಕೊನೆಗೆ ಓಡಿಸುವವನ ಸೀಟಿನಲ್ಲಿ ನನಗೆ ಎಂಜಿನ್ನಿನ ಸದ್ದಷ್ಟೇ ಉಳಿಯಿತು. ಅವರು ಬಾಗಿಲಿನತ್ತ ವಾಲಿ ಕೇಳುತ್ತಿದ್ದರು. ವಾಪಸ್ ಹೋಗೋಣವೆಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ.