ಹನ್ನೆರಡು ಸೂಜಿ

"ಅಂಗಿ ತೋಳು ಮೆಲ್ಲಗೆ ಹಾಕಪ್ಪ, ನಿಮ್ಮಣ್ಣನಿಗೆ ಆ ಭುಜ ನೋವು," ಎಂದಳು ಅತ್ತಿಗೆ.

ನೋವು ನಿನ್ನೆ ಅಂಗಡಿಯಲ್ಲೇ, ಅಣ್ಣ ಎದೆ ಹಿಡಿದುಕೊಂಡು ಕುಸಿದಾಗಲೇ ಉಸಿರಿನ ಜೊತೆ ಮುಗಿದಿತ್ತು. ಆದರೂ ಮೈದುನ ಮೆಲ್ಲಗೇ ಹಾಕಿದ. ಬಿಳಿ ಅಂಗಿಯ ಎರಡನೆಯ ಗುಂಡಿ ಇರಲಿಲ್ಲ. ಊರಿಗೆಲ್ಲ ಗುಂಡಿ ಹಚ್ಚಿದ ದರ್ಜಿಯನ್ನು ಹಾಗೇ ಕಳಿಸುವುದುಂಟೇ? ಅವಳು ಅಂಗಡಿಯಿಂದ ಬಂದಿದ್ದ ಸೂಜಿಡಬ್ಬಿಗೆ ಕೈ ಚಾಚಿದಳು.

"ಅಣ್ಣತಮ್ಮ ಒಂದೇ ಸ್ಕೂಟರಿನಿಂದ ಬಿದ್ದಿದ್ದು," ಪಕ್ಕದ ಮನೆಯ ಅಜ್ಜಿ ನಿಟ್ಟುಸಿರಿಟ್ಟರು. "ತಮ್ಮ ಮೂರೇ ತಿಂಗಳಿಗೆ ಎದ್ದ. ಇವನಿಗೆ ಹನ್ನೊಂದು ವರ್ಷವಾದರೂ ಪೂರ್ತಿ ವಾಸಿಯಾಗಲಿಲ್ಲ."

"ತಪ್ಪು ನಂದೇ ಅಜ್ಜಿ. ತುತ್ತಿನಿಂದ ಹಿಡಿದು ಎಲ್ಲ ನಾನೇ ಮಾಡಿಕೊಟ್ಟೆ. ಕೂರಿಸಿ ಕೂರಿಸಿ ಕೆಡಿಸಿದೆ."

*

ಆಗ ಡಾಕ್ಟರು ಅಣ್ಣತಮ್ಮರ ತಲೆಯ ಎರಡು ಸ್ಕ್ಯಾನ್ ಫಿಲ್ಮು ಬೆಳಕಿಗೆ ಹಿಡಿದು ತೋರಿಸಿದ್ದರು. "ಬಿದ್ದದ್ದು ಒಂದೇ ರಸ್ತೆ, ಪೆಟ್ಟು ಒಂದೇ ಜಾಗಕ್ಕಲ್ಲಮ್ಮ. ರಕ್ತ ಎಲ್ಲಿ ಹೆಪ್ಪುಗಟ್ಟಿತು, ವಯಸ್ಸೆಷ್ಟು, ಮೊದಲೇ ಏನು ಕಾಯಿಲೆ ಇತ್ತು, ಎಲ್ಲ ಲೆಕ್ಕಕ್ಕೆ ಬರುತ್ತೆ. ಇಷ್ಟೆಲ್ಲ ಗೊತ್ತಿದ್ದರೂ, ಇವರಿಗೆ ಗುಣವಾಗೋದು ಇಷ್ಟೇ ಅಂತ ನಾನು ಹೇಳಲಾರೆ."

ಅವಳು ತಲೆಯಾಡಿಸಿದಳು, ಒಂದಕ್ಷರವನ್ನೂ ನಂಬಲಿಲ್ಲ. ಓರಗಿತ್ತಿ ಗಂಡನಿಗೆ "ನೀರು ನೀವೇ ತಗೊಳ್ಳಿ" ಎಂದು ಗದರಿದ್ದಳು, ಅವನು ಎದ್ದಿದ್ದ. ತಾನು ಗದರಲಿಲ್ಲ.

ಅವಳ ಗಂಡನಿಗೆ ನಿಧಾನವಾಗಿ ಮಾತು ಬಂತು, ನಡಿಗೆ ಬಂತು, ಹೊಲಿಗೆ ಕೈಗೆ ತಾನಾಗಿ ಮರಳಿತು. ಸೂಜಿಗೆ ದಾರ ಮಾತ್ರ ಪೋಣಿಸಲಾಗಲಿಲ್ಲ. ದಿನಾ ಬೆಳಿಗ್ಗೆ ಅವಳು ಮಂಡಿಗೆ ಮಂಡಿ ತಾಗಿಸಿ ಕೂತು ಹನ್ನೆರಡು ಸೂಜಿಗೆ ಬಿಳಿ ದಾರ ಹಾಕಿ ಕೊಡುತ್ತಿದ್ದಳು. ಎಣಿಕೆ ಅವನದು. ಒಂಬತ್ತಾದ ಮೇಲೆ ತಪ್ಪುತ್ತಿತ್ತು. ಇಬ್ಬರೂ ನಗುತ್ತಿದ್ದರು.

*

ಡಬ್ಬಿ ತೆರೆದಳು. ಹನ್ನೆರಡು ಸೂಜಿಯಲ್ಲೂ ನೀಲಿ ದಾರ.

"ನಾನು ಹಾಕಿದ್ದು ಬಿಳಿ. ಇದನ್ನ ಯಾರು ಪೋಣಿಸಿದ್ದು?"

ಮೈದುನ ತಲೆ ತಗ್ಗಿಸಿದ. "ಅಣ್ಣನೇ."

"ಅವರಿಗೆ ಬರಲ್ಲ."

"ನಾಲ್ಕು ವರ್ಷದಿಂದ ಬರುತ್ತೆ ಅತ್ತಿಗೆ. ಸಂಜೆ ಮನೆಗೆ ಹೊರಡೋ ಮುಂಚೆ ದಾರವೆಲ್ಲ ಎಳೆದು ತೆಗೆದು, ಸೂಜಿ ಖಾಲಿ ಮಾಡ್ತಿದ್ದ. ನಿನ್ನೆ ಅವನಿಗೆ ಸಂಜೆ ಆಗಲೇ ಇಲ್ಲವಲ್ಲ."

"ಯಾಕೆ?"

"ನಾನೂ ಕೇಳಿದೆ. 'ಅವಳು ನನ್ನ ಪಕ್ಕ ಕೂರೋದು ಅದೊಂದು ಹೊತ್ತು ಕಣೋ, ಹೇಳಬೇಡ' ಅಂದ."

"ಕಳ್ಳ," ಎಂದಳು. ನಗು ಬಂತು, ಅದರ ಬೆನ್ನಿಗೇ ಅಳು. ಹನ್ನೊಂದು ವರ್ಷದ ಭಾರ ಎದೆಯಿಂದ ಒಂದಿಷ್ಟು ಇಳಿಯಿತು.

ಗುಂಡಿಯನ್ನು ಅವನ ನೀಲಿ ದಾರದಲ್ಲೇ ಹಚ್ಚಿದಳು. ಹೊರಗೆ ಗಾಡಿ ಬಂದು ನಿಂತಿತ್ತು. "ಸ್ವಲ್ಪ ತಡೀರಿ," ಎಂದು ಅವನ ಪಕ್ಕ ಕೂತು, ಸೂಜಿಗಳಿಂದ ಉಳಿದ ನೀಲಿ ದಾರವನ್ನೆಲ್ಲ ಎಳೆದು ತೆಗೆದು, ಬಿಳಿ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡಳು.

"ಒಂದು," ಎಂದಳು. "ಎರಡು."

ಒಂಬತ್ತಕ್ಕೆ ಬಂದು, ಅವನಿಗಾಗಿ ನಿಂತಳು.