ಗಾಜಿನಂಗಡಿಯವನ ಮಗಳು ಕುಸ್ತಿಗಿಳಿದದ್ದು

ಗಾಜಿನಂಗಡಿಯವನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ಒಂದೇ: "ನಿಧಾನ! ಮೆಲ್ಲಗೆ ಇಳಿಸು!" ಕೆಲಸದವರಿಗೂ ಅದೇ, ಗಿರಾಕಿಗಳಿಗೂ ಅದೇ, ಮನೆಯಲ್ಲಿ ಹೆಂಡತಿ ಹಾಲಿನ ಪಾತ್ರೆ ಎತ್ತಿದರೂ ಅದೇ. ಅಂಗಡಿಯಲ್ಲಿ ಕನ್ನಡಿ ಹಿಡಿದುಕೊಡುವ ಎಂಟು ವರ್ಷದ ಮಗಳು ಗುಬ್ಬಿಗಂತೂ ಆ ಮಾತು ರಕ್ತಕ್ಕೇ ಇಳಿದಿತ್ತು. ಅಂಥವಳು ಒಂದು ಸಂಜೆ ಬಂದು, "ಅಪ್ಪಾ, ನಾನು ಕುಸ್ತಿಗೆ ಸೇರ್ತೀನಿ" ಅಂದರೆ ಅವನಿಗೆ ಹೇಗಾಗಬೇಡ!

"ಕುಸ್ತಿನಾ? ಕಡ್ಡಿ ಇದ್ದಂಗಿದೀಯ. ಯಾರಾದ್ರೂ ಉಫ್ ಅಂದ್ರೆ ಹಾರಿಹೋಗ್ತೀಯ!"

"ಹೋಗ್ಲಿ ಬಿಡ್ರೀ," ಅಂದಳು ಹೆಂಡತಿ. "ನಿಮ್ಮ ಕೈಗೆ ಬಿಟ್ಟರೆ ಅವಳನ್ನೂ ಪೇಪರಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಡ್ತೀರ."

ತಾಯಿ ಮಗಳು ಒಂದಾದ ಮೇಲೆ ಪಾಪದವನ ಮಾತೆಲ್ಲಿ ನಡೆಯುತ್ತೆ? ಕೊನೆಗೊಂದು ಷರತ್ತು ಹಾಕಿದ. ಮೊದಲನೇ ಪಂದ್ಯ ಗೆದ್ದರೆ ಸರಿ, ಸೋತರೆ ಅಲ್ಲಿಗೆ ಮುಗೀತು. ಗುಬ್ಬಿ ಕೈಮೇಲೆ ಕೈಯಿಟ್ಟು ಒಪ್ಪಿದಳು. ಹೇಗಿದ್ದರೂ ಸೋಲ್ತಾಳೆ ಅಂತ ಅವನಿಗೆ ಒಳಗೊಳಗೇ ಸಮಾಧಾನ. ಕಳ್ಳ!

ಪಂದ್ಯದ ದಿನ ಬೆರಳ ಸಂದಿಯಿಂದ ನೋಡುತ್ತಾ ಕೂತ. ಎದುರಾಳಿ ದುಂಡುದುಂಡಗಿನ ಹುಡುಗಿ. ಸೀಟಿ ಊದಿದ್ದೇ ತಡ, ಗುಬ್ಬಿ ತಲೆ ತಗ್ಗಿಸಿ ನುಗ್ಗಿ, ಅವಳ ಕಾಲೆರಡನ್ನೂ ತಬ್ಬಿ, ಅನಾಮತ್ತಾಗಿ ಎತ್ತಿಯೇಬಿಟ್ಟಳು! ಜನ ಹೋ ಅಂದರು. ಇವನ ಜೀವ ಬಾಯಿಗೆ ಬಂತು.

"ನಿಧಾನ ಮಗಳೇ! ಮೆಲ್ಲಗೆ ಇಳಿಸು!"

ಗುಬ್ಬಿ ಇಳಿಸಿದಳು. ಕನ್ನಡಿ ಇಳಿಸುವ ಹಾಗೇ, ನೆಟ್ಟಗೆ, ಜೋಪಾನವಾಗಿ. ಆ ಹುಡುಗಿ ಒಂದು ಕ್ಷಣ ಪಿಳಿಪಿಳಿ ಕಣ್ಣುಬಿಟ್ಟು, ಆಮೇಲೆ ಗುಬ್ಬಿಯನ್ನು ಕೆಡವಿ ಮೇಲೆ ಕೂತಳು. ಪಂದ್ಯ ಮುಗೀತು.

"ಯಾರ್ರೀ ಅದು ಕೂಗಿದ್ದು?" ಕುಸ್ತಿ ಮಾಸ್ತರು ಗುಡುಗಿದರು. ಇವನು ಪಕ್ಕದಲ್ಲಿ ಕೂತವನನ್ನು ನೋಡಿದ.

ಗುಬ್ಬಿ ಅಳಲಿಲ್ಲ. ಶೂ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. "ತಗೋಪ್ಪ. ಮಾತು ಅಂದ್ರೆ ಮಾತು."

ಅವನಿಗೆ ಬೇಕಾದದ್ದು ಸಿಕ್ಕಿತ್ತು, ಆದರೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸೋತವರಿಗೆ ಮಧ್ಯಾಹ್ನ ಇನ್ನೊಂದು ಪಂದ್ಯ ಉಂಟು ಅಂತ ಮಾಸ್ತರು ಅಂದಾಗ, ನೆಲದ ಮೇಲೆ ಕೂತು ತಾನೇ ಶೂ ತೊಡಿಸತೊಡಗಿದ.

"ಷರತ್ತು ಹಾಕಿದವನು ನಾನು, ತೆಗೆದವನೂ ನಾನೇ. ಕಾಲು ಕೊಡು."

"ನಾನು ಎತ್ತಿದ್ರೆ ನಿಂಗೆ ಭಯ ಆಗುತ್ತಲ್ಲಪ್ಪಾ," ಅಂದಳು ಗುಬ್ಬಿ. "ಇದೂ ಸೋತ್ರೆ ನಾನೇ ಬಿಟ್ಟುಬಿಡ್ತೀನಿ."

ಮಧ್ಯಾಹ್ನ ಹೆಂಡತಿ ಕರವಸ್ತ್ರ ಕೊಟ್ಟು, "ಬಾಯಿಗೆ ತುರುಕ್ಕೊಳ್ಳಿ" ಅಂದಳು. ತುರುಕಿಕೊಂಡ. ಈ ಸಲದ ಎದುರಾಳಿ ಜಡೆ ಕಟ್ಟಿದ ಹುಡುಗಿ. ಗುಬ್ಬಿ ಮತ್ತೆ ನುಗ್ಗಿದಳು, ಮತ್ತೆ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ತೋಳು ನಡುಗುತ್ತಿತ್ತು, ಕಣ್ಣು ಮಾತ್ರ ಅಪ್ಪನ ಮೇಲೆ.

ಅವನು ಕರವಸ್ತ್ರ ಕಿತ್ತೆಸೆದು ಬೆಂಚಿನ ಮೇಲೆ ಹತ್ತಿ ನಿಂತ. ಹುಟ್ಟಿದಾಗಿನಿಂದ ಆಡದ ಮಾತನ್ನು ಗಂಟಲು ಹರಿಯುವ ಹಾಗೆ ಕೂಗಿದ.

"ಬೀಳಿಸೇ ನನ್ನವ್ವಾ! ಬೀಳಿಸು!"

ಇಬ್ಬರೂ ದೊಪ್ಪೆಂದು ಬಿದ್ದರು, ಗುಬ್ಬಿ ಮೇಲೆ, ಜಡೆಯವಳು ಕೆಳಗೆ. ಅವನು ಕಣ್ಣು ಮುಚ್ಚಿಕೊಂಡ. ಸೀಟಿ ಊದಿದರು, ಆಮೇಲೆ ಕಿಲಕಿಲ ನಗು ಕೇಳಿಸಿತು. ಮೆಲ್ಲಗೆ ಕಣ್ಣುಬಿಟ್ಟು ನೋಡಿದ. ಏನೂ ಒಡೆದಿರಲಿಲ್ಲ.